ಡ್ರ್ಯಾಗ್ ಕಾರಿಗೆ ಲೈನ್ ಲಾಕ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಇರುವುದು ಅಮೆರಿಕದ ಒಹಾಯೋದಲ್ಲಿ. ವಾರವೆಲ್ಲ ಕಂಪ್ಯೂಟರ್ ಮುಂದೆ ಕೂತು ಕೆಲಸ. ಬೇಸಿಗೆ ಬಂತೆಂದರೆ ವಾರಕ್ಕೊಂದು ಸಂಜೆ ನನ್ನ 1986ರ ಷೆವ್ರೊಲೆ ಮಾಂಟೆ ಕಾರ್ಲೊ ಎಸ್‌ಎಸ್ ತಗೊಂಡು ಡ್ರ್ಯಾಗ್ ಸ್ಟ್ರಿಪ್‌ಗೆ, ಅಂದರೆ ನೇರ ಓಟದ ರೇಸ್ ಟ್ರ್ಯಾಕ್‌ಗೆ, ಹೋಗುತ್ತೇನೆ. ಇಲ್ಲಿ ಮಸ್ಟಾಂಗ್, ಕಮಾರೊ ಕೊಂಡಿರುವ ನಮ್ಮ ಕನ್ನಡದ ಹುಡುಗರು ಲೈನ್ ಲಾಕ್ ಬಗ್ಗೆ ಕೇಳುತ್ತಲೇ ಇರುತ್ತಾರೆ. ಊರಿಂದಲೂ ಮೆಸೇಜ್ ಬರುತ್ತವೆ. ಒಬ್ಬೊಬ್ಬರಿಗೂ ಅದೇ ಉತ್ತರ ಟೈಪ್ ಮಾಡಿ ಸಾಕಾಯಿತು, ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದು ಇಟ್ಟಿದ್ದೇನೆ.

ಮೊದಲೇ ಒಂದು ಮಾತು. ಇದು ಬ್ರೇಕ್ ಕೆಲಸ. ಬ್ರೇಕ್ ಪೈಪ್ ಕತ್ತರಿಸಿ ನಡುವೆ ಒಂದು ವಾಲ್ವ್ ಕೂರಿಸುತ್ತೀರಿ. ಫ್ಲೇರ್ ಮಾಡಿ (ಪೈಪ್ ತುದಿ ಅರಳಿಸಿ) ಅಭ್ಯಾಸ ಇಲ್ಲದಿದ್ದರೆ ಬಲ್ಲವರನ್ನು ಪಕ್ಕದಲ್ಲಿ ಇಟ್ಟುಕೊಂಡು ಮಾಡಿ.

ಲೈನ್ ಲಾಕ್ ಅಂದರೆ ಏನು?

ಮುಂದಿನ ಬ್ರೇಕ್‌ಗೆ ಹೋಗುವ ಪೈಪ್‌ನಲ್ಲಿ ಕೂರುವ ಒಂದು ಕರೆಂಟ್ ವಾಲ್ವ್. ಮುಷ್ಟಿಯೊಳಗೆ ಹಿಡಿಯುವಷ್ಟು ಗಾತ್ರ. ಕರೆಂಟ್ ಇಲ್ಲದಾಗ ಅದು ತೆರೆದೇ ಇರುತ್ತದೆ, ಬ್ರೇಕ್ ಆಯಿಲ್ ಎಂದಿನಂತೆ ಆಚೀಚೆ ಓಡಾಡುತ್ತದೆ. ನೀವು ಪೆಡಲ್ ಒತ್ತಿ, ಬಟನ್ ಅದುಮಿ, ಆಮೇಲೆ ಪೆಡಲ್ ಬಿಟ್ಟರೆ ಮುಂದಿನ ಚಕ್ರಗಳ ಒತ್ತಡ ಒಳಗೇ ಸಿಕ್ಕಿಕೊಳ್ಳುತ್ತದೆ. ಹಿಂದಿನ ಬ್ರೇಕ್ ಮಾತ್ರ ಬಿಡುತ್ತದೆ. ಈಗ ಆಕ್ಸಿಲರೇಟರ್ ಕೊಟ್ಟರೆ ಮುಂದಿನ ಚಕ್ರ ನಿಂತಲ್ಲೇ ನಿಂತು ಹಿಂದಿನ ಚಕ್ರ ಗಿರ್ರನೆ ತಿರುಗುತ್ತದೆ. ಬಟನ್ ಬಿಟ್ಟ ಕೂಡಲೇ ಎಲ್ಲ ಮಾಮೂಲು.

ಹರ್ಸ್ಟ್ ಕಂಪನಿ ಇದನ್ನು ರೋಲ್ ಕಂಟ್ರೋಲ್ ಅನ್ನುತ್ತದೆ. ಹಳೇ ರೇಸ್ ಮಂದಿಯ ಬಾಯಲ್ಲೂ ಅದೇ ಹೆಸರು. ವಸ್ತು ಒಂದೇ.

ನೆನಪಿಡಬೇಕಾದದ್ದು ಇಷ್ಟು: ಲೈನ್ ಲಾಕ್ ತಾನಾಗಿ ಬ್ರೇಕ್ ಹಾಕುವುದಿಲ್ಲ. ನಿಮ್ಮ ಕಾಲು ಎಷ್ಟು ಒತ್ತಡ ಕೊಟ್ಟಿತೋ ಅಷ್ಟನ್ನು ಹಿಡಿದಿಡುತ್ತದೆ. ಕೆಳಗೆ ಬರುವ ಅರ್ಧ ಪ್ರಶ್ನೆಗಳಿಗೆ ಉತ್ತರ ಇದರಲ್ಲೇ ಇದೆ.

ಎಡಗಾಲಲ್ಲಿ ಬ್ರೇಕ್, ಬಲಗಾಲಲ್ಲಿ ಆಕ್ಸಿಲರೇಟರ್ ಒತ್ತಿದರೆ ಸಾಲದಾ?

ಆಟೋಮ್ಯಾಟಿಕ್ ಕಾರಿನಲ್ಲಿ ಆಗುತ್ತದೆ, ಎಷ್ಟೋ ಜನ ಹಾಗೇ ಮಾಡುತ್ತಾರೆ. ಆದರೆ ಆಗ ಹಿಂದಿನ ಬ್ರೇಕೂ ಹಿಡಿದಿರುತ್ತದೆ. ಎಂಜಿನ್ ಒಂದು ಕಡೆ ಚಕ್ರ ತಿರುಗಿಸುತ್ತಿದ್ದರೆ ಬ್ರೇಕ್ ಲೈನರ್ ಇನ್ನೊಂದು ಕಡೆ ಅದನ್ನು ತಡೆಯುತ್ತಿರುತ್ತದೆ. ಟೈರ್ ಕಾಯುವ ಬದಲು ಡ್ರಮ್ ಕಾಯುತ್ತದೆ. ಲೈನರ್ ಮೇಲ್ಮೈ ಗಾಜಿನ ಹಾಗೆ ನುಣುಪಾಗಿ, ರೇಸಿನ ಕಾಲು ಮೈಲಿ (402 ಮೀಟರ್) ಓಡಿ ನಿಲ್ಲಿಸಬೇಕಾದಾಗ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ. ನಾನು ಎರಡು ವರ್ಷ ಹಾಗೇ ಓಡಿಸಿದೆ. ಹಿಂದಿನ ಡ್ರಮ್ ಬಿಚ್ಚಿದಾಗ ನೀಲಿ ಬಣ್ಣಕ್ಕೆ ತಿರುಗಿತ್ತು.

ಟೈರ್ ಸುಡೋದು ಬರೀ ಶೋ ಅಲ್ವಾ?

ರಸ್ತೆಯಲ್ಲಿ ಸುಟ್ಟರೆ ಶೋ. ಟ್ರ್ಯಾಕ್‌ನಲ್ಲಿ ಅದಕ್ಕೆ ಕೆಲಸ ಇದೆ. ಪಾರ್ಕಿಂಗ್ ಜಾಗದಿಂದ ಬರುವಷ್ಟರಲ್ಲಿ ಟೈರ್‌ಗೆ ಮಣ್ಣು, ಚಿಕ್ಕ ಕಲ್ಲು ಎಲ್ಲ ಅಂಟಿರುತ್ತದೆ, ಅದು ಹೋಗಬೇಕು. ರಬ್ಬರ್ ಬಿಸಿಯಾಗಿ ಮೆತ್ತಗಾದರೆ ಹಿಡಿತ ಜಾಸ್ತಿ. ಸ್ಟಾರ್ಟ್ ಲೈನ್‌ನ ನೆಲಕ್ಕೆ ಅಂಟಿನಂಥ ದ್ರಾವಣ ಹೊಡೆದಿರುತ್ತಾರೆ. ಚಪ್ಪಲಿ ಹಾಕಿಕೊಂಡು ನಡೆದರೆ ಚಪ್ಪಲಿ ಅಲ್ಲೇ, ಕಾಲು ಮುಂದೆ. ಬಿಸಿ ಟೈರ್ ಅಂಥ ನೆಲವನ್ನು ಕಚ್ಚಿಕೊಳ್ಳುತ್ತದೆ.

ಹಾಗಾದರೆ ಜಾಸ್ತಿ ಸುಟ್ಟಷ್ಟೂ ಒಳ್ಳೆಯದಾ?

ಅಲ್ಲ. ಬಯಸ್ ಪ್ಲೈ ಸ್ಲಿಕ್‌ಗೆ (ಗೀರಿಲ್ಲದ ನುಣುಪು ರೇಸ್ ಟೈರ್) ಸ್ವಲ್ಪ ಜಾಸ್ತಿ ಬೇಕು. ಡ್ರ್ಯಾಗ್ ರೇಡಿಯಲ್‌ಗೆ (ರಸ್ತೆಯಲ್ಲೂ ಓಡಿಸಬಹುದಾದ ರೇಸ್ ಟೈರ್) ಹೊಗೆ ಕಾಣಿಸಿಕೊಂಡರೆ ಸಾಕು. ಮಾಮೂಲಿ ರಸ್ತೆ ಟೈರ್‌ಗೆ ಬರ್ನ್‌ಔಟ್‌ನಿಂದ, ಅಂದರೆ ಹೀಗೆ ಸುಡುವುದರಿಂದ, ಅಂಥ ಲಾಭ ಇಲ್ಲ. ಒಂದು ಸಲ ಸುಮ್ನೆ ತಿರುಗಿಸಿ ಕೊಳೆ ಉದುರಿಸಿದರೆ ಆಯಿತು. ಅತಿಯಾಗಿ ಕಾದರೆ ಅದೇ ಟೈರ್ ಜಿಡ್ಡಾಗಿ ಜಾರುತ್ತದೆ.

ಯಾವ ಕಾರಿಗೆ ಹಾಕಬಹುದು?

ಹಿಂದಿನ ಚಕ್ರದ ಡ್ರೈವ್, ಮುಂದೆ ಡಿಸ್ಕ್ ಬ್ರೇಕ್, ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಸಿಕ್ಕಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಇಲ್ಲ. ಇಂಥ ಕಾರಿಗೆ ಹೇಳಿ ಮಾಡಿಸಿದ ಹಾಗಿರುತ್ತದೆ. 60ರಿಂದ 80ರ ದಶಕದ ಅಮೆರಿಕನ್ ಕಾರುಗಳಲ್ಲಿ ಎಷ್ಟೋ ಈ ಜಾತಿಯವೇ.

ಎಬಿಎಸ್ ಇದ್ದರೆ ತಲೆನೋವು. ಅದರ ಡಬ್ಬಿಯೊಳಗೆ ಈಗಾಗಲೇ ವಾಲ್ವ್‌ಗಳೂ ಪಂಪೂ ಇವೆ. ಅದಕ್ಕೆ ಇನ್ನೊಂದು ವಾಲ್ವ್ ಜೋಡಿಸಿದರೆ ಯಾವಾಗ ಏನು ಮಾಡುತ್ತದೋ ಹೇಳಲಾಗದು. ದಿನಾ ಓಡಿಸುವ, ಎಬಿಎಸ್ ಇರುವ ಕಾರಿಗೆ ನಾನಂತೂ ಕೈ ಹಾಕುವುದಿಲ್ಲ.

ನಾಲ್ಕೂ ಚಕ್ರದ ಡ್ರೈವ್ ಇದ್ದರೆ ಮಾತೇ ಇಲ್ಲ. ಎಂಜಿನ್ ಮುಂದಿನ ಚಕ್ರವನ್ನೂ ತಿರುಗಿಸಲು ನೋಡುತ್ತದೆ, ನೀವು ಅದನ್ನೇ ಹಿಡಿದಿರುತ್ತೀರಿ. ಗೇರ್‌ಬಾಕ್ಸ್‌ನ ಯಾವುದೋ ಒಂದು ಭಾಗ ಜಗಳ ಬಿಡಿಸಲು ಹೋಗಿ ಮುರಿಯುತ್ತದೆ.

ಬೆಂಗಳೂರಿನಲ್ಲಿ ನನ್ನ ಹತ್ತಿರ ಸ್ವಿಫ್ಟ್ ಇದೆ. ಹಾಕಿಸಬಹುದಾ?

ತಮ್ಮಾ, ನಿನ್ನ ಕಾರಿನಲ್ಲಿ ಲೈನ್ ಲಾಕ್ ಆಗಲೇ ಇದೆ. ಅದರ ಹೆಸರು ಹ್ಯಾಂಡ್‌ಬ್ರೇಕ್! ಸ್ವಿಫ್ಟ್‌ನದು ಮುಂದಿನ ಚಕ್ರದ ಡ್ರೈವ್. ತಿರುಗಬೇಕಾದದ್ದು ಮುಂದಿನ ಚಕ್ರ, ಹಿಡಿಯಬೇಕಾದದ್ದು ಹಿಂದಿನದು. ಹ್ಯಾಂಡ್‌ಬ್ರೇಕ್ ಮಾಡುವುದೂ ಅದನ್ನೇ.

ಇನ್ನೊಂದು ಅಡ್ಡಿಯೂ ಇದೆ. ಇಂಥ ಕಾರುಗಳಲ್ಲಿ ಬ್ರೇಕ್ ಪೈಪ್ ಸಾಮಾನ್ಯವಾಗಿ ಅಡ್ಡಡ್ಡ ಹೋಗಿರುತ್ತದೆ. ಮುಂದಿನ ಎಡಕ್ಕೂ ಹಿಂದಿನ ಬಲಕ್ಕೂ ಒಂದು ಲೈನ್, ಮುಂದಿನ ಬಲಕ್ಕೂ ಹಿಂದಿನ ಎಡಕ್ಕೂ ಇನ್ನೊಂದು. ಒಂದು ಲೈನ್ ಕೈಕೊಟ್ಟರೂ ಒಂದು ಮುಂದಿನ ಚಕ್ರ ಉಳಿಯಲಿ ಅಂತ ಹಾಗೆ ಮಾಡಿರುತ್ತಾರೆ. ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಪೈಪ್‌ಗೆ ಆಯಿಲ್ ತಳ್ಳುವ ಭಾಗ) ಹತ್ತಿರ ಒಂದು ವಾಲ್ವ್ ಹಾಕಿದರೆ ಮುಂದೆ ಒಂದು, ಹಿಂದೆ ಒಂದು ಹಿಡಿಯುತ್ತದೆ. ಯಾವ ಉಪಯೋಗಕ್ಕೂ ಬಾರದು.

ಊರಲ್ಲಿ ಹಿಂದಿನ ಚಕ್ರದ ಡ್ರೈವ್ ಬೇಕೆಂದರೆ ಹಳೇ ಕಾಂಟೆಸ್ಸಾ, ಅಂಬಾಸಿಡರ್, ಓಮ್ನಿ ನೋಡಬೇಕು. ಓಮ್ನಿಗೆ ಲೈನ್ ಲಾಕ್ ಹಾಕಿದವರು ಯಾರಾದರೂ ಇದ್ದರೆ ಫೋಟೋ ಕಳಿಸಿ, ಕೈ ಮುಗಿಯುತ್ತೇನೆ.

ಹೊಸ ಮಸ್ಟಾಂಗ್‌ನಲ್ಲಿ ಕಂಪನಿಯೇ ಕೊಟ್ಟಿದೆಯಂತೆ?

ಹೌದು. 2015ರ ಮಸ್ಟಾಂಗ್ ಜಿಟಿಯಲ್ಲಿ ಫೋರ್ಡ್ ಇದನ್ನು ಕಾರಿನ ಜೊತೆಗೇ ಕೊಟ್ಟಿತು. ಅಲ್ಲಿ ಬೇರೆ ವಾಲ್ವ್ ಇಲ್ಲ, ಎಬಿಎಸ್ ಡಬ್ಬಿಯೇ ಮುಂದಿನ ಬ್ರೇಕ್ ಹಿಡಿಯುತ್ತದೆ. ಸ್ಟೇರಿಂಗ್ ಬಟನ್‌ನಿಂದ ಮೆನುಗೆ ಹೋಗಿ, ಬ್ರೇಕ್ ಗಟ್ಟಿಯಾಗಿ ಒತ್ತಿ, ಓಕೆ ಕೊಟ್ಟರೆ ಆಯಿತು. 15 ಸೆಕೆಂಡ್ ಆದ ಮೇಲೆ ತಾನೇ ಬಿಟ್ಟುಬಿಡುತ್ತದೆ. 2018ರ ಡಾಡ್ಜ್ ಚಾಲೆಂಜರ್ ಡೀಮನ್‌ನಲ್ಲೂ ಇತ್ತು. ನಿಮ್ಮ ಕಾರಿನಲ್ಲಿ ಇದು ಇದ್ದರೆ ಕೆಳಗಿನ ಪೈಪ್ ಪುರಾಣವೆಲ್ಲ ಬಿಟ್ಟು ವಾಟರ್ ಬಾಕ್ಸ್ ಪ್ರಶ್ನೆಗೆ ಹೋಗಿ.

ಮೈಕೋ ಲಾಕ್ ಅಂತಾರಲ್ಲ, ಅದೇ ಇದಾ?

ಈ ಹೆಸರು ಕೇಳಿದಾಗ ನನಗೆ ಆಡುಗೋಡಿ ನೆನಪಾಗಿತ್ತು. ನಮ್ಮ ಮೈಕೋ, ಅಂದರೆ 1951ರಲ್ಲಿ ಶುರುವಾಗಿ 2008ರಲ್ಲಿ ಬಾಷ್ ಅಂತ ಹೆಸರು ಬದಲಾಯಿಸಿಕೊಂಡ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಬೇರೆ. ಇಲ್ಲಿನ ಮೈಕೋ ಮಿನೆಸೋಟದ ಕಂಪನಿ. ಕೆಲಸದ ಲಾರಿಗಳು ನಿಂತಾಗ ಬ್ರೇಕ್ ಒತ್ತಡ ಹಿಡಿದಿಡುವ ಲಾಕ್‌ಗಳಿಗೆ ಹೆಸರುವಾಸಿ. ತತ್ವ ಒಂದೇ, ಆದರೆ ಅದು ನಿಂತ ಗಾಡಿಗೆ. ಹೆಬ್ಬೆರಳು ತೆಗೆದ ಕ್ಷಣಕ್ಕೆ ಬಿಡಬೇಕಾದ ಡ್ರ್ಯಾಗ್ ಕಾರಿಗೆ ಬಟನ್‌ನ ಕರೆಂಟ್ ವಾಲ್ವೇ ಸರಿ.

ಏನೇನು ಬೇಕು, ಎಷ್ಟು ಖರ್ಚು?

ಕಿಟ್‌ನಲ್ಲಿ ವಾಲ್ವ್, ಬಟನ್, ವೈರ್, ಲೈಟ್, ಕೆಲವು ಫಿಟ್ಟಿಂಗ್ ಬರುತ್ತವೆ. ನೂರರಿಂದ ಇನ್ನೂರು ಡಾಲರ್ ಒಳಗೆ ಸಿಗುತ್ತದೆ. ಇದರ ಜೊತೆಗೆ ಬ್ರೇಕ್ ಪೈಪ್, ನಟ್‌ಗಳು, ಬ್ರೇಕ್ ಆಯಿಲ್, ಪೈಪ್ ಕಟರ್, ಫ್ಲೇರಿಂಗ್ ಟೂಲ್, ಫ್ಲೇರ್ ನಟ್ ಸ್ಪ್ಯಾನರ್ ಬೇಕು. ಈ ಕೊನೆಯದಕ್ಕೆ ಜಿಪುಣತನ ಮಾಡಬೇಡಿ. ಮಾಮೂಲಿ ಸ್ಪ್ಯಾನರ್ ಹಾಕಿದರೆ ಹಳೇ ಬ್ರೇಕ್ ನಟ್‌ನ ಮೂಲೆಗಳು ಸವೆದು ದುಂಡಗಾಗುತ್ತವೆ. ಆಮೇಲೆ ಅರ್ಧ ದಿನ ಅದರ ಜೊತೆಗೇ ಕುಸ್ತಿ.

ಪೈಪ್ ಎಲ್ಲಿ ಕತ್ತರಿಸಬೇಕು?

ಇದೇ ಮುಖ್ಯ ಪ್ರಶ್ನೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮಾಸ್ಟರ್ ಸಿಲಿಂಡರ್‌ನಿಂದ ಎರಡು ಪೈಪ್ ಹೊರಡುತ್ತವೆ, ಒಂದು ಮುಂದಿನ ಬ್ರೇಕ್‌ಗೆ, ಒಂದು ಹಿಂದಿನದಕ್ಕೆ. ಮುಂದೆ ಕಾಣುವ ಪೈಪೇ ಮುಂದಿನ ಬ್ರೇಕ್‌ನದು ಅಂದುಕೊಳ್ಳಬೇಡಿ. ಎಷ್ಟೋ ಕಾರಿನಲ್ಲಿ ಉಲ್ಟಾ ಇರುತ್ತದೆ. ಪೈಪ್ ಮೇಲೆ ಬೆರಳಿಟ್ಟು ಚಕ್ರದವರೆಗೂ ಹೋಗಿ ನೋಡಿ. ನಂಬಿಕೆ ಬರಲಿಲ್ಲವೇ? ಮಾಸ್ಟರ್ ಸಿಲಿಂಡರ್ ಹತ್ತಿರ ಒಂದು ನಟ್ ಸ್ವಲ್ಪ ಸಡಿಲಿಸಿ, ಬಟ್ಟೆ ಹಿಡಿದು, ಯಾವ ಚಕ್ರದ ಬ್ರೇಕ್ ದುರ್ಬಲವಾಯಿತು ನೋಡಿ. ಆಮೇಲೆ ಹೇಗೂ ಪೈಪ್‌ಗೆ ಸೇರಿದ ಏರ್ ತೆಗೆಯುವುದು ಇದ್ದೇ ಇದೆ.

ಹಳೇ ಜಿಎಂ (ಜನರಲ್ ಮೋಟರ್ಸ್) ಕಾರುಗಳಲ್ಲಿ ಮಾಸ್ಟರ್ ಸಿಲಿಂಡರ್ ಆದ ಮೇಲೆ ಒಂದು ಹಿತ್ತಾಳೆ ಗುಂಡು ಸಿಗುತ್ತದೆ, ಕಾಂಬಿನೇಷನ್ ವಾಲ್ವ್. ಲೈನ್ ಲಾಕ್ ಅನ್ನು ಇದರ ಹಿಂದೆಯೂ ಹಾಕಬಹುದು, ಮುಂದೆಯೂ ಹಾಕಬಹುದು. ಮಾಸ್ಟರ್ ಸಿಲಿಂಡರ್‌ಗೂ ಇದಕ್ಕೂ ನಡುವೆ ಹಾಕುವುದು ಸುಲಭ, ಒಂದು ಪೈಪ್ ಒಳಗೆ, ಒಂದು ಪೈಪ್ ಹೊರಗೆ. ಆದರೆ ಈ ಹಿತ್ತಾಳೆ ಗುಂಡಿನೊಳಗೆ ಮುಂದಿನ-ಹಿಂದಿನ ಒತ್ತಡ ಹೋಲಿಸುವ ಒಂದು ಪಿಸ್ಟನ್ ಇದೆ. ಮುಂದೆ ಒತ್ತಡ ಹಿಡಿದು ಹಿಂದೆ ಬಿಟ್ಟಾಗ ಅದು 'ಹಿಂದಿನ ಬ್ರೇಕ್ ಹೋಯಿತು' ಅಂದುಕೊಂಡು ಒಂದು ಕಡೆಗೆ ಸರಿದು ಡ್ಯಾಶ್‌ಬೋರ್ಡ್‌ನಲ್ಲಿ ಕೆಂಪು ಲೈಟ್ ಹಾಕಬಹುದು.

ಅದಕ್ಕೇ ನಾನು ಗುಂಡು ಆದ ಮೇಲೆ ಹಾಕಿದೆ. ಅದರಿಂದ ಮುಂದಿನ ಎರಡು ಚಕ್ರಕ್ಕೆ ಎರಡು ಪೈಪ್ ಹೊರಡುತ್ತವೆ. ಎರಡನ್ನೂ ಬಿಚ್ಚಿದೆ. ಒಂದು ಬಾಯಿಗೆ ಪ್ಲಗ್ ಹಾಕಿದೆ. ಇನ್ನೊಂದರಿಂದ ಲೈನ್ ಲಾಕ್‌ನ ಒಳಬಾಯಿಗೆ ಹೊಸ ಪೈಪ್. ಲೈನ್ ಲಾಕ್‌ನ ಹೊರಬಾಯಿಯಿಂದ ಒಂದು ಟೀ (T ಆಕಾರದ ಫಿಟ್ಟಿಂಗ್), ಅಲ್ಲಿಂದ ಎಡ ಚಕ್ರ, ಬಲ ಚಕ್ರ. ಕೆಲವು ವಾಲ್ವ್‌ಗಳಿಗೆ ಎರಡು ಹೊರಬಾಯಿ ಇರುತ್ತವೆ, ಆಗ ಟೀ ಬೇಡ.

ಒಳಬಾಯಿ ಯಾವುದು ಅಂತ ಮೈಮೇಲೆ ಗುರುತು ಇರುತ್ತದೆ. ಉಲ್ಟಾ ಹಾಕಿದರೆ ಹಿಡಿದಿಟ್ಟ ಒತ್ತಡವೇ ವಾಲ್ವ್ ಅನ್ನು ತಳ್ಳಿ ತೆರೆಯುತ್ತದೆ. ಬಟನ್ ಒತ್ತಿದರೂ ಕಾರು ನಿಲ್ಲುವುದಿಲ್ಲ.

ವಾಲ್ವ್ ಅನ್ನು ಚಾಸಿಗೋ ಫೆಂಡರ್ ಒಳಗೋಡೆಗೋ ಬೋಲ್ಟ್ ಹಾಕಿ ಕೂರಿಸಿ. ಎಂಜಿನ್ ಮೇಲೆ ಬೇಡ, ಅಲುಗಾಟಕ್ಕೆ ಪೈಪ್ ಬಿರಿಯುತ್ತದೆ. ಸೈಲೆನ್ಸರ್ ಪೈಪ್ ಪಕ್ಕವೂ ಬೇಡ, ಬ್ರೇಕ್ ಆಯಿಲ್ ಕುದಿಯುತ್ತದೆ.

ಫ್ಲೇರ್ ಮಾಡುವುದು ಕಷ್ಟವಾ?

ಮೊದಲ ಐದು ಹಾಳಾಗುತ್ತವೆ, ಆರನೆಯದು ಸರಿ ಬರುತ್ತದೆ. ಆದ್ದರಿಂದ ಆ ಐದನ್ನು ಬೇಡದ ಪೈಪ್ ಚೂರಿನ ಮೇಲೆ ಮಾಡಿ ಮುಗಿಸಿ.

ಅಮೆರಿಕನ್ ಕಾರಿನಲ್ಲಿ ಸಾಮಾನ್ಯವಾಗಿ 3/16 ಇಂಚಿನ ಪೈಪ್, 45 ಡಿಗ್ರಿ ಡಬಲ್ ಫ್ಲೇರ್. ಅಂದರೆ ಪೈಪ್ ತುದಿಯನ್ನು ಹೊರಗೆ ಅರಳಿಸಿ, ಮತ್ತೆ ಒಳಗೆ ಮಡಚಿ ಎರಡು ಪದರ ಮಾಡುವುದು. ಒಂದೇ ಪದರದ್ದು ಬ್ರೇಕ್ ಒತ್ತಡಕ್ಕೆ ಬಿರಿಯುತ್ತದೆ. ಎಷ್ಟೋ ಬೇರೆ ದೇಶದ ಕಾರುಗಳಲ್ಲಿ ಬಬಲ್ ಫ್ಲೇರ್ ಇರುತ್ತದೆ, ಸ್ಟೀಲ್ ಹೆಣಿಗೆಯ ರೇಸ್ ಪೈಪ್‌ಗಳಲ್ಲಿ 37 ಡಿಗ್ರಿ ಎಎನ್ ಫಿಟ್ಟಿಂಗ್. ಒಂದರ ಬಾಯಿಗೆ ಇನ್ನೊಂದು ತುರುಕಬೇಡಿ. ತಿರುಗಿಸಿದಾಗ ಕೂತ ಹಾಗೆ ಅನ್ನಿಸುತ್ತದೆ, ಆದರೆ ಸೋರುತ್ತದೆ.

ಪೈಪ್ ಅನ್ನು ಕಟರ್‌ನಿಂದ ಕತ್ತರಿಸಿ, ಗರಗಸ ಬೇಡ. ಒಳಗಿನ ಚೂಪು ಅಂಚು ಕೆರೆದು, ಊದಿ, ಚೊಕ್ಕ ಮಾಡಿ. ಆಮೇಲೆ ಫ್ಲೇರ್. ತಾಳಿ! ನಟ್ ಹಾಕಿದಿರಾ? ಚಂದದ ಫ್ಲೇರ್ ಮಾಡಿ, ಬೆಳಕಿಗೆ ಹಿಡಿದು ನೋಡಿ, ಖುಷಿಪಟ್ಟು, ಆಮೇಲೆ ನಟ್ ಬೆಂಚಿನ ಮೇಲೇ ಕೂತಿರುವುದನ್ನು ಕಂಡಾಗ ಬರುವ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಒಂದೇ ಮಧ್ಯಾಹ್ನ ನನಗೆ ಎರಡು ಸಲ ಆಗಿದೆ.

ಪೈಪ್‌ಗೆ ತಾಮ್ರ-ನಿಕಲ್ ಮಿಶ್ರಲೋಹದ್ದು ತಗೊಳ್ಳಿ. ಕೈಯಲ್ಲೇ ಬಗ್ಗುತ್ತದೆ, ತುಕ್ಕು ಹಿಡಿಯುವುದಿಲ್ಲ. ಬರೀ ತಾಮ್ರದ ಪೈಪ್, ನೀರಿನ ನಲ್ಲಿಗೆ ಹಾಕುವ ಕಂಪ್ರೆಷನ್ ಫಿಟ್ಟಿಂಗ್, ರಬ್ಬರ್ ಟ್ಯೂಬ್, ಕ್ಲಿಪ್ ಇವು ಯಾವುವೂ ಬ್ರೇಕ್ ಹತ್ತಿರ ಸುಳಿಯಬಾರದು.

ಥ್ರೆಡ್‌ಗೆ ಟೆಫ್ಲಾನ್ ಟೇಪ್ ಸುತ್ತಬಹುದಾ?

ಬೇಡ. ಫ್ಲೇರ್ ಜೋಡಣೆ ಲೋಹಕ್ಕೆ ಲೋಹ ಒತ್ತಿಯೇ ನಿಲ್ಲುತ್ತದೆ, ಅಲ್ಲಿ ಥ್ರೆಡ್‌ಗೆ ಏನೂ ಬೇಕಾಗಿಲ್ಲ. ವಾಲ್ವ್‌ನ ಬಾಯಿ 1/8 ಇಂಚಿನ ಪೈಪ್ ಥ್ರೆಡ್ ಆಗಿದ್ದರೆ ಅಲ್ಲಿ ಮಾತ್ರ ಬ್ರೇಕ್ ಆಯಿಲ್ ತಡೆಯುವ ದ್ರವ ಸೀಲಂಟ್ ಹಚ್ಚಿ, ಮೊದಲ ಎರಡು ಎಳೆ ಬಿಟ್ಟು.

ಇಷ್ಟು ಖಂಡಿತವಾಗಿ ಹೇಳಲು ಕಾರಣ ಇದೆ. ಮೊದಲ ಸಲ ನಾನು ಮನೆಯ ನಲ್ಲಿಗೆ ಸುತ್ತುವ ಹಾಗೆ ಟೇಪ್ ಸುತ್ತಿ ಬಿಗಿದಿದ್ದೆ. ಒಂದು ಹನಿ ಸೋರಲಿಲ್ಲ, ಬಹಳ ಹೆಮ್ಮೆ. ಎರಡನೇ ಸಲ ಟ್ರ್ಯಾಕ್‌ಗೆ ಹೋದಾಗ ಬಟನ್ ಒತ್ತಿ ಹಿಡಿದಿದ್ದೇನೆ, ಲೈಟ್ ಉರಿಯುತ್ತಿದೆ, ಟೈರ್ ತಿರುಗುತ್ತಿದೆ, ಕಾರು ಮಾತ್ರ ತೇರಿನ ಹಾಗೆ ನಿಧಾನಕ್ಕೆ ಮುಂದೆ ಹೊರಟಿದೆ. ಬರ್ನ್‌ಔಟ್ ನೋಡಿಕೊಳ್ಳುವ ಹುಡುಗ ಎರಡು ಹೆಜ್ಜೆ ಹಿಂದೆ ಹಾರಿದ. ಮನೆಗೆ ಬಂದು ಬಿಚ್ಚಿದೆ. ವಾಲ್ವ್ ಕೂರುವ ಜಾಗದಲ್ಲಿ ಶಾವಿಗೆ ಎಳೆಯಂಥ ಬಿಳಿ ಟೇಪ್ ಚೂರು. ಅಷ್ಟೇ ಸಾಕಾಗಿತ್ತು, ಒತ್ತಡ ಅದರ ಪಕ್ಕದಿಂದ ನುಸುಳಿ ಹೋಗುತ್ತಿತ್ತು.

ವೈರಿಂಗ್ ಹೇಗೆ?

ಇಗ್ನಿಷನ್ ಆನ್ ಮಾಡಿದಾಗ ಮಾತ್ರ ಕರೆಂಟ್ ಬರುವ ಜಾಗದಿಂದ ವೈರ್ ಎಳೆಯಿರಿ. ಅಲ್ಲಿಂದ ಫ್ಯೂಸ್, ಆಮೇಲೆ ಒಂದು ಟಾಗಲ್ ಸ್ವಿಚ್, ಆಮೇಲೆ ಬಟನ್, ಆಮೇಲೆ ವಾಲ್ವ್, ಕೊನೆಗೆ ಅರ್ತ್. ಫ್ಯೂಸ್ ಎಷ್ಟರದ್ದು ಅಂತ ಕಿಟ್‌ನ ಕಾಗದದಲ್ಲಿ ಇರುತ್ತದೆ, ಅದನ್ನೇ ಹಾಕಿ. ಅರ್ತ್ ವೈರ್ ಕೂರುವ ಕಡೆ ಪೇಂಟ್ ಕೆರೆದು ಬರೀ ಲೋಹ ಕಾಣಿಸಬೇಕು. ವಾಲ್ವ್‌ಗೆ ಸಮಾನಾಂತರವಾಗಿ ಒಂದು ಚಿಕ್ಕ ಲೈಟ್ ಹಾಕಿ, ಕಣ್ಣಿಗೆ ಕಾಣುವ ಜಾಗದಲ್ಲಿ.

ಟಾಗಲ್ ಯಾಕೆ ಅಂದರೆ, ಟ್ರ್ಯಾಕ್‌ನಿಂದ ಮನೆಗೆ ಹೋಗುವಾಗ ಅದನ್ನು ಆಫ್ ಮಾಡಿ ಇಟ್ಟರೆ ಬಟನ್‌ಗೆ ಕೈ ತಗುಲಿದರೂ ಏನೂ ಆಗದು.

ಬಟನ್ ಎಲ್ಲಿ ಇಡಬೇಕು?

ಗೇರ್ ಹಿಡಿಯ ಮೇಲೆ, ಇಲ್ಲವೇ ಸ್ಟೇರಿಂಗ್ ಮೇಲೆ. ಒತ್ತಿದಾಗ ಮಾತ್ರ ಕೆಲಸ ಮಾಡುವ ಬಟನ್ ಆಗಬೇಕು. ಒಮ್ಮೆ ಒತ್ತಿದರೆ ಆನ್, ಇನ್ನೊಮ್ಮೆ ಒತ್ತಿದರೆ ಆಫ್ ಆಗುವ ಸ್ವಿಚ್ ಹಾಕಿದವರನ್ನು ನೋಡಿದ್ದೇನೆ. ಮುಂದಿನ ಬ್ರೇಕ್ ಹಿಡಿದಿರುವುದು ಮರೆತು ಹೊರಟರೆ ಗತಿ ಏನು? ಕೈ ತೆಗೆದರೆ ಬಿಡಬೇಕು, ಅಷ್ಟೇ. ಎನ್‌ಎಚ್‌ಆರ್‌ಎ (ಅಮೆರಿಕದ ಡ್ರ್ಯಾಗ್ ರೇಸ್ ಸಂಸ್ಥೆ) ಟ್ರ್ಯಾಕ್‌ಗೆ ಹೋಗುವವರು ಬ್ರೇಕ್ ನಿಯಮಗಳನ್ನು ತಮ್ಮ ಕ್ಲಾಸ್ ಪ್ರಕಾರ ಓದಿಕೊಂಡು ಹೋಗಿ. ಅಲ್ಲಿನ ಇನ್‌ಸ್ಪೆಕ್ಷನ್‌ನವರಿಗೆ ಬ್ರೇಕ್ ವಿಷಯದಲ್ಲಿ ದಯೆ ದಾಕ್ಷಿಣ್ಯ ಇಲ್ಲ.

ಏರ್ ತೆಗೆಯುವಾಗ ಬಟನ್ ಒತ್ತಬೇಕಾ?

ಬೇಡ. ವಾಲ್ವ್ ತೆರೆದಿರುವಾಗಲೇ ಎಂದಿನ ಹಾಗೆ ನಾಲ್ಕೂ ಚಕ್ರದ ನಿಪ್ಪಲ್‌ನಿಂದ ಏರ್ ತೆಗೆಯಿರಿ. ಮುಗಿದ ಮೇಲೆ ಬಟನ್ ಅನ್ನು ಹತ್ತು ಸಲ ಟಕ್ ಟಕ್ ಅಂತ ಒತ್ತಿ ಬಿಡಿ, ವಾಲ್ವ್ ಒಳಗೆ ಅವಿತಿದ್ದ ಗುಳ್ಳೆ ಹೊರಬರುತ್ತದೆ. ಮುಂದಿನ ಎರಡು ಚಕ್ರಕ್ಕೆ ಇನ್ನೊಂದು ಸುತ್ತು ಏರ್ ತೆಗೆಯಿರಿ. ಬ್ರೇಕ್ ಆಯಿಲ್ ಡಾಟ್ 3 ಅಥವಾ ಡಾಟ್ 4, ನಿಮ್ಮ ಕಾರಿಗೆ ಯಾವುದೋ ಅದು. ಸಿಲಿಕೋನ್‌ನ ಡಾಟ್ 5 ಇದರ ಜೊತೆ ಬೆರೆಸಬಾರದು. ಪೇಂಟ್ ಮೇಲೆ ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೆಯಿರಿ, ಇಲ್ಲದಿದ್ದರೆ ಪೇಂಟ್ ಎದ್ದು ಬರುತ್ತದೆ.

ಟ್ರ್ಯಾಕ್‌ಗೆ ಹೋಗುವ ಮುಂಚೆ ಪರೀಕ್ಷೆ ಹೇಗೆ?

ಎಂಜಿನ್ ಆನ್ ಮಾಡಿ ಪೆಡಲ್ ಅನ್ನು ಪೂರ್ತಿ ಬಲ ಹಾಕಿ ಒಂದು ನಿಮಿಷ ಒತ್ತಿ ಹಿಡಿಯಿರಿ. ಇನ್ನೊಬ್ಬರು ಟಾರ್ಚ್ ಹಾಕಿ ಪ್ರತಿಯೊಂದು ಜೋಡಣೆಯನ್ನೂ ಒಣ ಬೆರಳಿಂದ ಮುಟ್ಟಿ ನೋಡಲಿ. ಬೆರಳು ಒದ್ದೆಯಾದರೆ ಮತ್ತೆ ಕೆಲಸ.

ಆಮೇಲೆ ಎಂಜಿನ್ ಆಫ್ ಮಾಡಿ, ಇಗ್ನಿಷನ್ ಮಾತ್ರ ಆನ್ ಇಟ್ಟು, ಮುಂಭಾಗವನ್ನು ಜಾಕಿಯಿಂದ ಎತ್ತಿ ಸ್ಟ್ಯಾಂಡ್ ಮೇಲೆ ಇಡಿ. ಬರೀ ಜಾಕಿ ನಂಬಬೇಡಿ. ಪೆಡಲ್ ಒತ್ತಿ, ಬಟನ್ ಒತ್ತಿ, ಪೆಡಲ್ ಬಿಡಿ. ಗೆಳೆಯ ಎರಡೂ ಚಕ್ರ ತಿರುಗಿಸಲು ನೋಡಲಿ, ಅಲುಗಬಾರದು. ಅರ್ಧ ನಿಮಿಷ ಹಾಗೇ ಹಿಡಿದಿರಿ. ಬಟನ್ ಬಿಡಿ, ಚಕ್ರ ಆ ಕ್ಷಣಕ್ಕೇ ಸಲೀಸಾಗಿ ತಿರುಗಬೇಕು. ನನ್ನ ಹೆಂಡತಿ ಈ ಪರೀಕ್ಷೆಗೆ ಬಂದು ಚಕ್ರ ಹಿಡಿದು ನೇತಾಡಿ 'ಇದೇನು ಗೋಡೆಗೆ ಹೊಡೆದಿದ್ದೀಯಾ' ಅಂದಳು. ಹಾಗೆ ಅನ್ನಿಸಬೇಕು.

ವಾಟರ್ ಬಾಕ್ಸ್‌ನಲ್ಲಿ ಏನು ಮಾಡಬೇಕು?

ಸ್ಟಾರ್ಟ್ ಲೈನ್‌ಗಿಂತ ಹಿಂದೆ ನೀರು ಚೆಲ್ಲಿದ ಒಂದು ಜಾಗ ಇರುತ್ತದೆ. ಸ್ಲಿಕ್ ಟೈರ್ ಇದ್ದವರು ನೀರಿನ ಮೂಲಕ ನಿಧಾನಕ್ಕೆ ದಾಟಿ, ಆಚೆ ಅಂಚಿನಲ್ಲಿ ನಿಲ್ಲುತ್ತಾರೆ. ಗೀರು ಇರುವ ಟೈರ್ ಆಗಿದ್ದರೆ ನೀರನ್ನು ಸುತ್ತಿಕೊಂಡು ಹೋಗಿ, ಹಿಂದಿನ ಚಕ್ರ ಮಾತ್ರ ಒದ್ದೆಯ ಅಂಚಿಗೆ ಬರುವ ಹಾಗೆ ಹಿಂದೆ ಸರಿಯಿರಿ. ಗೀರುಗಳಲ್ಲಿ ನೀರು ತುಂಬಿಕೊಂಡು ಸ್ಟಾರ್ಟ್ ಲೈನ್‌ಗೆ ಒಯ್ದರೆ ನಿಮಗೂ ಜಾರುತ್ತದೆ, ಹಿಂದೆ ಬರುವವರೂ ಶಪಿಸುತ್ತಾರೆ.

ಅಲ್ಲಿನ ಸಹಾಯಕ ಕೈಸನ್ನೆ ಮಾಡುವವರೆಗೂ ಕಾಯಿರಿ. ಟಾಗಲ್ ಆನ್. ಬ್ರೇಕ್ ಪೆಡಲ್ ಅನ್ನು ಗಟ್ಟಿಯಾಗಿ, ನಿಜವಾಗಿಯೂ ಗಟ್ಟಿಯಾಗಿ ಒತ್ತಿ. ಬಟನ್ ಅದುಮಿ. ಪೆಡಲ್ ಬಿಡಿ. ಈಗ ಆಕ್ಸಿಲರೇಟರ್.

ನನ್ನದು 305 ಘನ ಇಂಚಿನ ವಿ8 ಎಂಜಿನ್, ಕಂಪನಿ ಲೆಕ್ಕದಲ್ಲಿ 180 ಕುದುರೆ ಶಕ್ತಿ. ಅಂಥ ಬಲಶಾಲಿಯೇನಲ್ಲ. ಹಾಗಾಗಿ ಫಸ್ಟ್ ಗೇರ್‌ನಲ್ಲಿ ಚಕ್ರ ತಿರುಗಲು ಶುರುವಾದ ಕೂಡಲೇ ಸೆಕೆಂಡ್‌ಗೆ ಹಾಕುತ್ತೇನೆ. ಫಸ್ಟ್‌ನಲ್ಲೇ ಉಳಿದರೆ ಎಂಜಿನ್ ಕಿರುಚುತ್ತದೆ, ಚಕ್ರ ಮಾತ್ರ ಟೈರ್ ಕಾಯುವಷ್ಟು ವೇಗ ಪಡೆಯುವುದಿಲ್ಲ. ದೊಡ್ಡ ಎಂಜಿನ್ ಇದ್ದವರು ಸೆಕೆಂಡ್‌ನಲ್ಲೇ ಶುರು ಮಾಡುತ್ತಾರೆ.

ಮೊದಲು ಬರುವುದು ಬಿಳಿ ಆವಿ, ಅದು ನೀರು. ಅದಕ್ಕೆ ಮೋಸ ಹೋಗಬೇಡಿ. ಆಮೇಲೆ ರಬ್ಬರ್ ವಾಸನೆಯ ಹೊಗೆ ಬರುತ್ತದೆ, ಎಂಜಿನ್ ಸದ್ದು ಸ್ವಲ್ಪ ಭಾರವಾಗುತ್ತದೆ. ಆಗ ಬಟನ್ ಬಿಡಿ. ಚಕ್ರ ಇನ್ನೂ ತಿರುಗುತ್ತಿರುವಾಗಲೇ ಬಿಡಬೇಕು, ಕಾರು ತಾನಾಗಿ ಮುಂದೆ ಹೊರಳುತ್ತದೆ, ಆಕ್ಸಿಲರೇಟರ್ ನಿಧಾನಕ್ಕೆ ಇಳಿಸಿ. ತಿರುಗುವ ಚಕ್ರಕ್ಕೆ ಧಡಕ್ಕನೆ ಬ್ರೇಕ್ ಒತ್ತಬೇಡಿ. ಒಣ ಅಂಟು ನೆಲದ ಮೇಲೆ ಆ ಪೆಟ್ಟೆಲ್ಲ ಆಕ್ಸಲ್‌ಗೆ ಬೀಳುತ್ತದೆ. ನನ್ನ ಕಾರಿನ 7.5 ಇಂಚಿನ ಹಿಂದಿನ ಆಕ್ಸಲ್ ಮೊದಲೇ ಬಡಪಾಯಿ.

ಬಟನ್ ಎಷ್ಟು ಹೊತ್ತು ಒತ್ತಿ ಹಿಡಿಯಬಹುದು?

ಬರ್ನ್‌ಔಟ್‌ಗೆ ಐದರಿಂದ ಹತ್ತು ಸೆಕೆಂಡ್ ಧಾರಾಳ. ವಾಲ್ವ್‌ನ ಕಾಯಿಲ್ ಕರೆಂಟ್ ಹರಿದಷ್ಟು ಹೊತ್ತೂ ಬಿಸಿಯಾಗುತ್ತದೆ, ನಿಮಿಷಗಟ್ಟಲೆ ಹಿಡಿಯಲು ಮಾಡಿದ್ದಲ್ಲ.

ಸ್ಟಾರ್ಟ್ ಲೈನ್‌ನಲ್ಲೂ ಉಪಯೋಗ ಇದೆಯಾ?

ಕ್ಲಚ್ ಇರುವ ಕಾರಿನವರಿಗೆ ಇದೆ. ಒಂದು ಕಾಲು ಕ್ಲಚ್ ಮೇಲೆ, ಒಂದು ಆಕ್ಸಿಲರೇಟರ್ ಮೇಲೆ, ಬ್ರೇಕ್‌ಗೆ ಮೂರನೇ ಕಾಲು ಎಲ್ಲಿಂದ ತರುವುದು? ನೆಲ ಸ್ವಲ್ಪ ಇಳಿಜಾರಿದ್ದರೆ ಕಾರು ಹೊರಳಿ ಸ್ಟೇಜ್ ಬೀಮ್ (ಕಾರು ಸರಿಯಾದ ಜಾಗದಲ್ಲಿ ನಿಂತಿದೆಯಾ ಅಂತ ನೋಡುವ ಬೆಳಕಿನ ಕಿರಣ) ದಾಟಿಬಿಡುತ್ತದೆ. ಪ್ರಿ-ಸ್ಟೇಜ್ ಮತ್ತು ಸ್ಟೇಜ್ ಬೀಮ್ ನಡುವೆ ಇರುವುದು 7 ಇಂಚು ಅಷ್ಟೇ. ಎರಡೂ ಬೀಮ್‌ನ ಬಲ್ಬ್ ಹತ್ತಿದ ಮೇಲೆ ಬ್ರೇಕ್ ಒತ್ತಿ ಲಾಕ್ ಮಾಡಿಕೊಂಡರೆ ಕಾರು ಕದಲದು.

ಹೊರಡುವಾಗ ಕ್ಲಚ್ ಮತ್ತು ಬಟನ್ ಒಟ್ಟಿಗೆ ಬಿಡಬೇಕು. ಹೇಳಿದಷ್ಟು ಸುಲಭ ಅಲ್ಲ. ಸ್ಪೋರ್ಟ್ಸ್‌ಮನ್ ಟ್ರೀಯಲ್ಲಿ (ಓಟ ಶುರು ಮಾಡಿಸುವ ಲೈಟ್ ಕಂಬ) ಮೂರು ಹಳದಿ ಲೈಟ್ 0.5 ಸೆಕೆಂಡ್ ಅಂತರದಲ್ಲಿ ಒಂದಾದ ಮೇಲೊಂದು ಹತ್ತುತ್ತವೆ. ಮೂರನೆಯದು ಕಂಡಾಗ ಕಾಲು ಹೊರಡುತ್ತದೆ, ಗಾಬರಿಯಲ್ಲಿ ಹೆಬ್ಬೆರಳು ಇನ್ನೂ ಬಟನ್ ಮೇಲೇ ಇರುತ್ತದೆ. ಮುಂದಿನ ಚಕ್ರ ಹಿಡಿದುಕೊಂಡೇ ಕಾರು ಎಳೆದಾಡುತ್ತದೆ. ಮನೆಯಲ್ಲಿ ಸೋಫಾ ಮೇಲೆ ಕೂತು ಕಾಲು-ಬೆರಳು ಒಟ್ಟಿಗೆ ಬಿಡುವ ಅಭ್ಯಾಸ ಮಾಡುವವರೂ ಇದ್ದಾರೆ. ನಗಬೇಡಿ, ಕೆಲಸ ಮಾಡುತ್ತದೆ.

ಟ್ರಾನ್ಸ್‌ಬ್ರೇಕ್ ಅಂದರೆ ಇದೇನಾ?

ಅಲ್ಲ. ಅದು ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಒಳಗೆ ಫಸ್ಟ್ ಮತ್ತು ರಿವರ್ಸ್ ಎರಡನ್ನೂ ಒಟ್ಟಿಗೆ ಹಿಡಿಸಿ ಕಾರು ನಿಲ್ಲಿಸುತ್ತದೆ. ಬ್ರೇಕ್‌ಗೂ ಅದಕ್ಕೂ ಸಂಬಂಧ ಇಲ್ಲ. ಲೈನ್ ಲಾಕ್ ಬರ್ನ್‌ಔಟ್‌ಗೆ, ಟ್ರಾನ್ಸ್‌ಬ್ರೇಕ್ ಲಾಂಚ್‌ಗೆ, ಅಂದರೆ ಸ್ಟಾರ್ಟ್ ಲೈನ್‌ನಿಂದ ಹೊರಡುವುದಕ್ಕೆ. ಎರಡೂ ಇರುವ ಕಾರುಗಳು ಬೇಕಾದಷ್ಟಿವೆ. ಎರಡಕ್ಕೂ ಒಂದೇ ಬಣ್ಣದ ಬಟನ್ ಹಾಕಬೇಡಿ, ಅಷ್ಟೇ.

ಬಟನ್ ಒತ್ತಿದರೂ ಕಾರು ಮುಂದೆ ಜಾರುತ್ತದೆ. ಯಾಕೆ?

ಹೆಚ್ಚಿನ ಸಲ ಕಾಲಿನ ತಪ್ಪು. ಪೆಡಲ್ ಮೆಲ್ಲಗೆ ಒತ್ತಿದರೆ ಹಿಡಿಯುವುದೂ ಮೆಲ್ಲಗೇ. ಮೊದಲು ಪೆಡಲ್ ಬಿಟ್ಟು ಆಮೇಲೆ ಬಟನ್ ಒತ್ತುವವರೂ ಇದ್ದಾರೆ. ಆಗ ಹಿಡಿಯಲು ಒತ್ತಡವೇ ಇರುವುದಿಲ್ಲ. ಇದು ಸರಿಯಿದ್ದರೆ ಲೈಟ್ ನೋಡಿ. ಉರಿಯದಿದ್ದರೆ ಫ್ಯೂಸ್, ಅರ್ತ್. ಲೈಟ್ ಉರಿದರೂ ವಾಲ್ವ್ ಟಕ್ ಅನ್ನದಿದ್ದರೆ ಕಾಯಿಲ್ ಅಥವಾ ಅದರ ಅರ್ತ್. ಟಕ್ ಅಂದರೂ ಹಿಡಿಯದಿದ್ದರೆ ಲೈನ್‌ನಲ್ಲಿ ಏರ್ ಇರಬಹುದು, ಉಲ್ಟಾ ಜೋಡಿಸಿರಬಹುದು, ಒಳಗೆ ಕಸ ಇರಬಹುದು. ನನ್ನ ಶಾವಿಗೆ ನೆನಪಿದೆಯಲ್ಲ? ಕೊನೆಯದಾಗಿ ಮುಂದಿನ ಪ್ಯಾಡ್‌ಗಳೇ ಸವೆದಿರಬಹುದು. ಅಂಥ ಬ್ರೇಕ್ ಇಟ್ಟುಕೊಂಡು ರೇಸ್‌ಗೆ ಹೋಗಿದ್ದೇ ತಪ್ಪು.

ಬಟನ್ ಬಿಟ್ಟರೂ ಮುಂದಿನ ಬ್ರೇಕ್ ಬಿಡುತ್ತಿಲ್ಲ. ಏನು ಮಾಡಲಿ?

ಟಾಗಲ್ ಆಫ್ ಮಾಡಿ. ಬಿಟ್ಟರೆ ಬಟನ್ ಸಿಕ್ಕಿಕೊಂಡಿದೆ ಅಂತ ಅರ್ಥ. ಆಗಲೂ ಬಿಡದಿದ್ದರೆ ಕಾರನ್ನು ಬದಿಗೆ ತಳ್ಳಿಸಿ, ಆವತ್ತಿಗೆ ಓಟ ಮುಗಿಯಿತು. ವಾಲ್ವ್ ಒಳಗೆ ತುಕ್ಕೋ ಕಸವೋ ಸಿಕ್ಕಿದೆ. ತಟ್ಟಿ ಸರಿಮಾಡಿ ಇನ್ನೊಂದು ಓಟ ಓಡುವ ಆಸೆ ಬೇಡ.

ಹ್ಯಾಂಡ್‌ಬ್ರೇಕ್ ಬದಲು ಇದನ್ನೇ ಬಳಸಬಹುದಾ?

ಇಲ್ಲ. ಬ್ಯಾಟರಿ ಇಳಿದರೆ ಕಾರು ಇಳಿಯುತ್ತದೆ.

ರಸ್ತೆಯಲ್ಲಿ ಬಳಸಿದರೆ?

ಅಮೆರಿಕದಲ್ಲಿ ಸಾರ್ವಜನಿಕ ರಸ್ತೆಯಲ್ಲಿ ಟೈರ್ ಸುಟ್ಟರೆ ಪೊಲೀಸ್ ಟಿಕೆಟ್ ಕೊಡುತ್ತಾರೆ. ಕೆಲವು ಕಡೆ ಕಾರನ್ನೇ ಒಯ್ಯುತ್ತಾರೆ. ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ ಅಪಾಯಕಾರಿ ಚಾಲನೆಗೆ, 189 ರಸ್ತೆಯಲ್ಲಿ ರೇಸ್ ಮಾಡುವುದಕ್ಕೆ. ಗಾಡಿಯ ಮಾರ್ಪಾಡಿಗೆ 52 ಇದೆ. ರಾತ್ರಿ ಹೊತ್ತು ನೈಸ್ ರೋಡ್‌ಗೆ ಹೋಗಿ ಟ್ರೈ ಮಾಡ್ತೀನಿ ಅನ್ನುವವರಿಗೆ ನಾನು ಉತ್ತರ ಕೊಡುವುದಿಲ್ಲ.

ಚಳಿಗಾಲದಲ್ಲಿ ಕಾರು ನಿಂತೇ ಇದ್ದರೆ ಹಾಳಾಗುತ್ತದಾ?

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಆ ತೇವ ವಾಲ್ವ್ ಒಳಗೆ ತುಕ್ಕು ಹಿಡಿಸುತ್ತದೆ. ನಮ್ಮಲ್ಲಿ ನವೆಂಬರ್‌ನಿಂದ ಮಾರ್ಚ್‌ವರೆಗೆ ಕಾರು ಶೆಡ್‌ನಲ್ಲೇ. ವಸಂತದಲ್ಲಿ ಹೊರತೆಗೆದಾಗ ಹಳೇ ಆಯಿಲ್ ಪೂರ್ತಿ ಹೊರಹಾಕಿ ಹೊಸದು ತುಂಬುತ್ತೇನೆ. ಚಳಿಗಾಲದಲ್ಲಿ ತಿಂಗಳಿಗೊಮ್ಮೆ ಶೆಡ್‌ಗೆ ಹೋಗಿ, ಇಗ್ನಿಷನ್ ಆನ್ ಮಾಡಿ, ಬಟನ್ ನಾಲ್ಕು ಸಲ ಒತ್ತುತ್ತೇನೆ. ಹೊರಗೆ ಮಂಡಿಯುದ್ದ ಹಿಮ, ಒಳಗೆ ಟಕ್, ಟಕ್, ಟಕ್, ಟಕ್.